ದಾರ ಕಟ್ಟಿದ ವೈರು

೧೯೯೮ನೇ ಇಸವಿ ಅಕ್ಟೋಬರ್ ೪, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹದಿನೈದು ನಿಮಿಷ.

"ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲಪ್ಪಾ! ಎಷ್ಟು ಸಲ ಹೇಳ್ಬೇಕು?"

ರೂಪಶ್ರೀ ಕಿರುಚಿದ ರಭಸಕ್ಕೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಜ್ಜಿ ದ್ರಾಕ್ಷಾಯಣಮ್ಮ ಬಾಗಿಲಿಂದ ಇಣುಕಿ ನೋಡಿದರು.

ಅಪ್ಪ ಕೊಟ್ಟೂರೇಶ್ ಸ್ಟೀರಿಯೋ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಸ್.ಎಸ್. ಬಡಾವಣೆಯ ಆ ಮನೆಯಲ್ಲಿ ಸ್ಟೀರಿಯೋ ಅಂದರೆ ಅಪ್ಪನ ಪ್ರಾಣ. ನಡುವೆ ಆಂಪ್ಲಿಫೈಯರ್, ಅದರ ಆಚೆ ಈಚೆ ರೂಪಶ್ರೀಯ ಸೊಂಟದೆತ್ತರದ ಎರಡು ಮರದ ಸ್ಪೀಕರ್ ಪೆಟ್ಟಿಗೆ. ಅವುಗಳ ಮುಂದೆ ನೆಲದ ಮೇಲೆ ಸೀಮೆಸುಣ್ಣದ ಗೆರೆ. ರೂಪಶ್ರೀ ಅದನ್ನು ದಾಟುವಂತಿರಲಿಲ್ಲ.

"ಯಾರೂ ಮುಟ್ಟದೆ ಹೆಂಗೆ ಕೆಡ್ತೈತೆ? ನೀನೇ ಕೇಳು."

ಅಪ್ಪ ವಚನದ ಕ್ಯಾಸೆಟ್ ಹಾಕಿದರು. ರೂಪಶ್ರೀಗೂ ಗೊತ್ತಾಯಿತು. ಮೊದಲು ಹಾಡುವವರು ಎರಡೂ ಪೆಟ್ಟಿಗೆಗಳ ನಟ್ಟನಡುವೆ ಬಂದು ಕೂತಂತೆ ಕೇಳುತ್ತಿತ್ತು. ಈಗ ಪಕ್ಕದ ಮನೆಯ ಬಚ್ಚಲಿನಿಂದ ಹಾಡಿದಂತೆ ಕೇಳುತ್ತಿದೆ. ತಬಲದ ಧುಮ್ ಧುಮ್ ಮಾಯವಾಗಿ, ಬರೀ ಡಬ್ಬಿ ಬಡಿದ ಸದ್ದು.

ಆದರೂ ಇದು ಅನ್ಯಾಯ. ಮೂರನೇ ಕ್ಲಾಸಿನಲ್ಲಿದ್ದಾಗ ಒಂದೇ ಒಂದು ಸಲ ಅವಳು ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ್ದಳು. ಅಂದಿನಿಂದ ಮನೆಯಲ್ಲಿ ಏನು ಕೆಟ್ಟರೂ ರೂಪಿ. ಗಡಿಯಾರ ನಿಂತರೆ ರೂಪಿ. ಕಾಗೆ ಕೂತು ಟಿವಿ ಆಂಟೆನಾ ಸೊಟ್ಟಗಾದರೂ ರೂಪಿ! ಈಗ ಅವಳು ಐದನೇ ಕ್ಲಾಸು. ಕ್ಲಾಸಿನ ಲೀಡರ್ ಬೇರೆ.

"ಹಿದಾಯತ್ ಮಾಮನ್ನ ಯಾಕ ಕೇಳಲ್ಲ? ಹೊಸ ವೈರ್ ಹಾಕಿದ್ದು ಅವ್ರು!" ಅಂದಳು. "ಪಂಪ್‌ಸೆಟ್ ರಿಪೇರಿ ಮಾಡೋರಿಗೆ ಸ್ಟೀರಿಯೋ ಹೆಂಗೆ ಗೊತ್ತಿರ್ತೈತೆ?"

ಅಪ್ಪ ಕ್ಯಾಸೆಟ್ ನಿಲ್ಲಿಸಿದರು.

ಹಿದಾಯತ್ ಮಾಮನದು ಹರಿಹರದಲ್ಲಿ ಮೋಟಾರಿಗೆ ಕಾಯಿಲ್ ಸುತ್ತುವ ಅಂಗಡಿ. ಹದಿನೈದು ದಿನದ ಹಿಂದೆ ಅವರೇ ಬಂದು ದಾರದಂತಿದ್ದ ಹಳೇ ವೈರು ಕಿತ್ತು ದಪ್ಪ ತಾಮ್ರದ ವೈರು ಹಾಕಿದ್ದರು. ಕರೆಂಟಿನ ವೈರೂ ಬದಲಾಗಿತ್ತು. ಮೂರು ಪಿನ್ನಿನ ಪ್ಲಗ್ ಹಾಕಿ ಅರ್ಥಿಂಗ್ ಕೊಟ್ಟ ಮೇಲೆ, ಹಾಡಿನ ಹಿಂದೆ ಸದಾ ಗುಂಯ್ ಅನ್ನುತ್ತಿದ್ದ ಸದ್ದು ನಿಂತೇ ಹೋಗಿತ್ತು. ಅವತ್ತು ಅಪ್ಪ ಮೂರು ಕ್ಯಾಸೆಟ್ ಕೇಳಿದ ಮೇಲೇ ಊಟಕ್ಕೆ ಎದ್ದಿದ್ದರು.

ಅದೆಲ್ಲ ಈಗ ಅಪ್ಪನಿಗೆ ಮರೆತಂತಿತ್ತು. ಫೋನ್ ಎತ್ತಿದರು.

"ಏ ಹಿದಾಯತ್, ಏನ್ ವೈರ್ ಹಾಕಿದೀಯಪ್ಪಾ? ಹೊಸದು ಅಂದಿ, ಹದಿನೈದು ದಿನ ಬರಲಿಲ್ಲ. ಭಾನುವಾರ ಆದ್ರೇನು? ಈಗ್ಲೇ ಬಾ."

ಫೋನ್ ಇಟ್ಟು ಅಜ್ಜಿಗೆ ಹೇಳಿದರು: "ಪಿ.ಜೆ. ಬಡಾವಣೆ ನಮ್ಮ ಹೊಸ ಅಂಗಡಿ ವೈರಿಂಗ್ ಇವನಿಗೇ ಕೊಡ್ಬೇಕು ಅಂತಿದ್ದೆ. ಎರಡು ಸ್ಪೀಕರ್ ನೆಟ್ಟಗೆ ಮಾಡೋಕೆ ಬರಲ್ಲ, ಅಂಗಡಿ ಏನ್ ಮಾಡ್ತಾನೆ? ಬ್ಯಾಡ. ಬೇರೆಯವ್ರನ್ನ ನೋಡ್ತೀನಿ."

ರೂಪಶ್ರೀಗೆ ಒಳಗೊಳಗೇ ಏನೋ ಚುಚ್ಚಿತು. ಆದರೆ ತನ್ನ ಮೇಲಿನ ಅಪವಾದ ಹೋಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ಹನ್ನೊಂದಕ್ಕೆ ಹಿದಾಯತ್ ಮಾಮ ಬಸ್ಸಿಳಿದು ಬಂದರು. ಚಹಾ ಕೂಡ ಬೇಡವೆಂದು ಹಾಡು ಹಾಕಿಸಿ, ಬ್ಯಾಲೆನ್ಸ್ ಗುಂಡಿ ತಿರುಗಿಸಿದರು. ಎಡಗಡೆ ಸ್ಪೀಕರ್ ಒಂದೇ ಹಾಡಿತು. ತಬಲ ಚೆನ್ನಾಗಿತ್ತು. ಬಲಗಡೆ ಒಂದೇ ಹಾಡಿತು. ಅದೂ ಚೆನ್ನಾಗಿತ್ತು.

"ಒಂದೊಂದೇ ಹಾಡಿದ್ರೆ ಜಾಣರು. ಜೋಡಿ ಹಾಡಿದ್ರೆ ಜಗಳ," ಎಂದು ನಕ್ಕರು.

"ಅಂದ್ರೆ ನಿಮ್ಮ ವೈರೇ ಸರಿ ಇಲ್ಲ," ರೂಪಶ್ರೀ ಗೆರೆಯ ಆಚೆಯಿಂದಲೇ ಅಂದಳು. "ನೀವು ತಪ್ಪು ಮಾಡಿದ್ದಕ್ಕೆ ನಾನು ಬೈಸ್ಕೊಂಡೆ!"

"ಏನೇ ಅದು, ದೊಡ್ಡೋರ ಹತ್ರ ಹಿಂಗೆ ಮಾತಾಡ್ತಾರೇನು?" ಅಜ್ಜಿ ಗದರಿದರು.

"ಕೇಳ್ಲಿ ಬಿಡ್ರಿ ಅವ್ವಾರೆ. ಬೇಟಿ, ಮನ್ಯಾಗ ಟಾರ್ಚ್ ಐತೇನು? ಅದರ ಒಂದು ಸೆಲ್ ಕೊಡು. ಹಂಗೇ ನಿನ್ನ ಸ್ಕೇಲೂ ತಗಂಬಾ."

ರೂಪಶ್ರೀ ಸೆಲ್ ತಂದಳು. ಕಂಪಾಸ್ ಬಾಕ್ಸಿನಿಂದ ಸ್ಕೇಲೂ ತಂದಳು. ಮಾಮ ಸ್ವಿಚ್ ಆರಿಸಿ, ಪ್ಲಗ್ ಕಿತ್ತರು. ಆಂಪ್ಲಿಫೈಯರಿನಿಂದ ಸ್ಪೀಕರ್ ವೈರುಗಳನ್ನು ಬಿಚ್ಚಿದರು. ಪೆಟ್ಟಿಗೆಗಳ ಮುಂದಿನ ಬಟ್ಟೆಯ ಮುಚ್ಚಳ ತೆಗೆದರು. ಒಳಗೆ ಕಪ್ಪು ಕಾಗದದ ದೊಡ್ಡ ಬಟ್ಟಲಿನಂಥ ಸ್ಪೀಕರ್.

"ಬಾ, ಗೆರೆ ದಾಟು. ಅಪ್ಪ ಏನೂ ಅನ್ನಲ್ಲ."

ಪ್ರತಿ ವೈರಿನಲ್ಲೂ ಎರಡು ಎಳೆ. ಒಂದು ಎಳೆಯ ತುದಿಗೆ ಕೆಂಪು ದಾರ ಕಟ್ಟಿತ್ತು. ಮಾಮ ಎಡಗಡೆ ವೈರಿನ ದಾರ ಕಟ್ಟಿದ ಎಳೆಯನ್ನು ಸೆಲ್ಲಿನ ಮೂತಿಗೆ, ಇನ್ನೊಂದನ್ನು ಅದರ ತಳಕ್ಕೆ ತಾಗಿಸಿದರು. ಟಪ್! ಕಾಗದದ ಬಟ್ಟಲು ಮುಂದಕ್ಕೆ ಬಂತು.

ಬಲಗಡೆ ವೈರನ್ನೂ ಹಾಗೆಯೇ ತಾಗಿಸಿದರು. ಟಪ್! ಅದು ಒಳಕ್ಕೆ ಹೋಯಿತು.

"ಉಲ್ಟಾ ಐತೆ!" ಎಂದಳು ರೂಪಶ್ರೀ.

"ಹೂಂ. ಪಂಪ್‌ಸೆಟ್ ಮೋಟಾರ್ ಉಲ್ಟಾ ತಿರುಗಿದ್ರೂ ನಾವು ಎರಡು ವೈರ್ ಅದಲುಬದಲು ಮಾಡ್ತೀವಿ. ಇದೂ ಹಂಗೇ. ಒಂದು ಗಾಳಿ ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೀತೈತೆ. ತಬಲದ ದಪ್ಪ ಸದ್ದು ನಿಮ್ಮ ಕಿವಿಗೆ ಬರೋದ್ರಾಗ ಸತ್ತಿರ್ತೈತೆ."

"ಅಂದ್ರೆ ನೀನೇ ಉಲ್ಟಾ ಮಾಡಿದೀಯ," ಎಂದರು ಅಪ್ಪ. "ನವಮಿ ದಿವಸ ಪೆಟ್ಟಿಗೆ ಒರೆಸಿ ಪೂಜಿ ಮಾಡೋಕೆ ವೈರ್ ಬಿಚ್ಚಿದ್ದೆ, ಖರೆ. ವಾಪಸ್ ಹಾಕುವಾಗ ನೀನು ಹೇಳಿದಂಗೇ ಹಾಕೀನಿ. ಕೆಂಪು ದಾರ ಕಟ್ಟಿದ್ದು ಆಂಪ್ಲಿಫೈಯರಿನ ಕೆಂಪು ತೂತಿಗೆ."

"ನೋಡ್ರಿ ಮತ್ತೆ!" ಎಂದಳು ರೂಪಶ್ರೀ.

ಹಿದಾಯತ್ ಮಾಮ ವೈರಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎರಡೂ ಎಳೆ ಕಪ್ಪು. ಗೊತ್ತಾಗ್ಲಿ ಅಂತ ದಾರ ಕಟ್ಟಿದ್ದೆ ಸಾವ್ಕಾರ್ರೆ. ಆದ್ರೆ ಈ ದಾರ ನಂದಲ್ಲ. ನಾನು ಕಟ್ಟಿದ್ದು ಮೋಟಾರ್ ಕಾಯಿಲ್ ಕಟ್ಟೋ ದಾರ, ಕೆಂಪು ಬಣ್ಣ ಹಚ್ಚಿದ್ದು. ಗಟ್ಟಿ ಇರ್ತೈತೆ. ಇದು ಪೂಜಿ ದಾರ."

ರೂಪಶ್ರೀಯ ಕೈಯಲ್ಲಿದ್ದ ಸ್ಕೇಲು ತಣ್ಣಗಾದಂತಾಯಿತು.

ಬುಧವಾರ. ಮಹಾನವಮಿ. ಸ್ಕೂಟರಿಗೆ, ಹೊಲಿಗೆ ಮಷಿನ್ನಿಗೆ, ಸ್ಟೀರಿಯೋಗೆ ಎಲ್ಲಕ್ಕೂ ಪೂಜೆ. ಅಪ್ಪ ಬಚ್ಚಲಲ್ಲಿದ್ದರು. ಬಿಚ್ಚಿಟ್ಟ ವೈರುಗಳನ್ನು ನೋಡಿ ಅಜ್ಜಿ, "ಮಾಸಿದ ದಾರ ಇಟ್ಕಂಡು ಪೂಜಿ ಮಾಡ್ತಾರೇನು? ತೆಗದು ಹೊಸಾದು ಕಟ್ಟವ್ವ," ಅಂದಿದ್ದರು. ರೂಪಶ್ರೀ ಕತ್ತರಿಯಿಂದ ಹಳೇ ದಾರ ಎರಡನ್ನೂ ಕತ್ತರಿಸಿದ್ದಳು. ಆಮೇಲೆ ಹೊಸ ದಾರ ಕಟ್ಟಿದ್ದಳು. ಯಾವ ಎಳೆಗೆ? ಕೈಗೆ ಸಿಕ್ಕ ಎಳೆಗೆ. ಗಂಟು ಮಾತ್ರ ತುಂಬ ಅಂದವಾಗಿತ್ತು. ಈಗಲೂ ಅಂದವಾಗಿಯೇ ಇತ್ತು.

ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು, ಒಣಗಿದ ಕೈಯನ್ನೇ.

ಹಿದಾಯತ್ ಮಾಮ ಆ ಗಂಟನ್ನು ನೋಡಿದರು, ಅವಳ ಮುಖವನ್ನೂ ನೋಡಿದರು.

"ಹೋಗ್ಲಿ ಬಿಡ್ರಿ ಸಾವ್ಕಾರ್ರೆ, ದಾರ ಕಟ್ಟಿದ್ದು ನಂದೇ ತಪ್ಪು. ಬಣ್ಣದ ವೈರೇ ತರಬೇಕಿತ್ತು."

ಅಪ್ಪ ತಲೆಯಾಡಿಸುವುದರಲ್ಲಿದ್ದರು.

"ಅಲ್ಲ." ಅವಳ ದನಿ ಬೆಳಗಿನಂತೆ ಏರಲಿಲ್ಲ. "ಹಳೇ ದಾರ ಕತ್ತರಿಸಿದ್ದು ನಾನು. ಇದನ್ನ ಕಟ್ಟಿದ್ದೂ ನಾನೇ. ಯಾವ ಎಳೆ ಅಂತ ನೋಡಲಿಲ್ಲ."

"ಹೇಳಿದ್ದು ನಾನು ಕೊಟ್ರಾ," ಎಂದರು ಅಜ್ಜಿ.

ಅಪ್ಪ ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿದರು. ಬೈಯಲಿಲ್ಲ. ಕೊನೆಗೆ ಫೋನಿನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

"ಕೂಡ್ರಿ ಹಿದಾಯತ್, ರೊಟ್ಟಿ ಆಗ್ಯಾವು. ಊಟ ಮಾಡ್ಕಂಡು ಅಂಗಡಿ ಕಡೆ ಹೋಗಿ ಬರೋಣು. ಸ್ವಿಚ್ ಬೋರ್ಡ್ ಎಲ್ಲಿ ಬರ್ಬೇಕು, ನೀವೇ ನೋಡಿ ಹೇಳ್ರಿ."

ಬೆಳಿಗ್ಗೆ ಫೋನಿನಲ್ಲಿ ಅಪ್ಪ 'ಬಾ' ಅಂದಿದ್ದು ರೂಪಶ್ರೀಗೆ ನೆನಪಿತ್ತು. ಈಗ 'ಕೂಡ್ರಿ'.

ಮಾಮ ಚೀಲದಿಂದ ಗಟ್ಟಿ ಕೆಂಪು ದಾರ ತೆಗೆದು ಅವಳ ಕೈಗಿಟ್ಟರು. ಅವಳು ಪೂಜೆಯ ದಾರಗಳನ್ನು ಬಿಚ್ಚಿದಳು. ಈ ಸಲ ಮೊದಲು ಸೆಲ್ ತಾಗಿಸಿ, ಬಟ್ಟಲು ಮುಂದೆ ಬರುವುದನ್ನು ನೋಡಿ, ಆಮೇಲೆ ಕಟ್ಟಿದಳು. ಗಂಟು ಅಷ್ಟೇನೂ ಅಂದವಾಗಿ ಬರಲಿಲ್ಲ.

ಮಾಮ ಇನ್ನೊಮ್ಮೆ ಸೆಲ್ ತಾಗಿಸಿದರು. ಅವಳು ಬಟ್ಟಲಿನ ಪಕ್ಕ ಸ್ಕೇಲ್ ಇಟ್ಟು ನೋಡಿದಳು.

ಎಡಗಡೆಯ ಬಟ್ಟಲು ಮುಂದೆ ಬಂದದ್ದು ಒಂದು ಮಿಲಿಮೀಟರ್. ಬಲಗಡೆಯದೂ ಮುಂದೆ, ಒಂದು ಮಿಲಿಮೀಟರ್.