ಬುರುಡೆಯೊಳಗಿನ ಮೂರು ಹೊಳೆ

ಬಹಳ ಬಹಳ ಹಿಂದೆ, ಮೋಡಗಳು ಕುರಿಹಿಂಡಿನ ಜೊತೆ ಮೇಯೋಕೆ ಕೆಳಗಿಳಿದು ಬರ್ತಿದ್ದ ಕಾಲದಲ್ಲಿ, ಮೂರ್ಹೊಳೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಬೆಳ್ಳೊಳೆ, ಕೆಂಪೊಳೆ, ಕರಿಹೊಳೆ ಅಂತ ಮೂರು ಹೊಳೆ, ಒಂದೊಂದು ಹೊಳೆಗೆ ಒಂದೊಂದು ಬಯಲು. ಮೂರೂ ಬಯಲಲ್ಲಿ ತೂಬು ಎತ್ತಿ, ತೂಬು ಇಳಿಸಿ, ಯಾರ ಹೊಲಕ್ಕೆ ಎಷ್ಟು ನೀರು ಅಂತ ನೋಡ್ಕೊಳ್ಳೋ ನೀರುಗಂಟಿ ಮಾದಣ್ಣ. ಅವನ ಮಗಳು ಚಿಕ್ಕೀರಿ. ಅವಳಿಗೆ ಬೆಳಗ್ಗೆ ಎದ್ರೆ ಒಂದೇ ಮಾತು: ಯಾಕೆ? ನೀರು ಯಾಕೆ ಇಳೀತು, ಎಲೆ ಯಾಕೆ ಸುರುಟ್ಕೊಳ್ತು, ಮಣ್ಣು ಯಾಕೆ ಬಿರೀತು. ಮಾದಣ್ಣ ಗೊತ್ತಿದ್ದಷ್ಟು ಹೇಳೋನು, ಗೊತ್ತಿಲ್ಲದ್ದಕ್ಕೆ ತಲೆ ಕೆರ್ಕೊಳ್ಳೋನು.

ಆ ರಾಜ್ಯದಲ್ಲಿ ಇನ್ನೊಂದು ಪದ್ಧತಿ. ಏನೇ ಅಳೆದು ಕೊಟ್ರೂ ಕೊನೇಲಿ ಕೊಸರು ಅಂತ ಒಂದು ಹಿಡಿ ಜಾಸ್ತಿ ಹಾಕ್ಬೇಕು. ಸೊಪ್ಪು ಕೊಂಡ್ರೂ ಕೊಸರು, ಹಾಲು ಕೊಂಡ್ರೂ ಕೊಸರು. ರಾಜನೇ ಕರೆದು ಕಡಲೆ ಕೊಟ್ರೂ ಜನ ಕೈ ಹಿಂದಕ್ಕೆ ತಗೀತಿರ್ಲಿಲ್ಲ, ಕೊಸರೆಲ್ಲಿ ಬುದ್ಧಿ ಅಂತ ನಿಂತೇ ಇರೋರು.

ಹೀಗಿರ್ಬೇಕಾದ್ರೆ ಒಂದು ದಿನ ಬೆಟ್ಟದ ಮೇಲಿನ ಜಟ್ಟಿಗ ಅನ್ನೋ ಮಾಂತ್ರಿಕ ಮೂರೂ ಹೊಳೇನ ಸೀರೆ ಮಡಚ್ದಂಗೆ ಮಡಚಿ ಒಂದು ಸೋರೆಬುರುಡೆಯೊಳಗೆ ತುಂಬಿ ಮುಚ್ಚಳ ಹಾಕ್ಬಿಟ್ಟ. ಹಾಕಿ ಡಂಗುರ ಹೊಡೆಸಿದ. ಒಂದೊಂದು ಬಯಲಿಗೂ ತಿಂಗಳಿಗೆ ಎಷ್ಟು ಬೆರಳು ಎತ್ತರ ನೀರು ಬೇಕು ಅಂತ ಸರಿಯಾಗಿ ಹೇಳಿದೋರಿಗೆ ಹೊಳೆ ವಾಪಸ್ಸು. ಬೇಕಾದ್ದಕ್ಕಿಂತ ಒಂದು ಹನಿ ಜಾಸ್ತಿ ಕೇಳಿದೋರು ಕೊಕ್ಕರೆ ಆಗ್ತಾರೆ. ಇದು ಬೆಟ್ಟದ ಕಟ್ಟಳೆ, ಮಾಡಿದ ನನಗೂ ತಪ್ಪಿದ್ದಲ್ಲ ಅಂತ.

ಮಾದಣ್ಣ ನೀಲಿ ರುಮಾಲು ಸುತ್ಕೊಂಡು ಬೆಟ್ಟ ಹತ್ತಿದ. ಮೂರನೇ ದಿನ ಒಂದು ಬಿಳಿ ಕೊಕ್ಕರೆ ಹಾರಿ ಬಂದು ಚಿಕ್ಕೀರಿ ಮುಂದೆ ಒಂಟಿ ಕಾಲಲ್ಲಿ ನಿಂತ್ಕೊಳ್ತು. ಅದರ ಕತ್ತಲ್ಲಿ ನೀಲಿ ರುಮಾಲು.

ಚಿಕ್ಕೀರಿ ಅತ್ಲು. ಅತ್ತು ಮುಗಿದ ಮೇಲೆ ಅವಳಿಗೆ ಅದೇ ಯೋಚನೆ. ಅಪ್ಪ ಇಪ್ಪತ್ತು ವರ್ಷ ತೂಬು ಕಾಯ್ದೋನು, ಲೆಕ್ಕ ತಪ್ಪೋನೇ ಅಲ್ಲ. ಹಂಗಾದ್ರೆ ಎಲ್ಲಿ ತಪ್ಪಿದ, ಯಾಕೆ ತಪ್ಪಿದ? ಕೊಕ್ಕರೇನ ಕೇಳಿದ್ರೆ ಅದು ಕೊಕ್ಕು ಬಡೀತು ಅಷ್ಟೆ, ಮಾತು ಎಲ್ಲಿಂದ ಬರ್ಬೇಕು. ಅವಳು ಒಂದು ಮಣ್ಣಿನ ಬಾನಿ, ಒಂದು ಮಡಕೆ, ಒಂದು ಕಡ್ಡಿ, ಒಂದು ತೊಗಲಿನ ತಿತ್ತಿ ನೀರು ತಗೊಂಡು ಹೊರಟೇಬಿಟ್ಲು. ಕೊಕ್ಕರೆ ಹಿಂದೆ ಹಿಂದೆ.

ಬೆಳ್ಳೊಳೆ ಬಯಲಲ್ಲಿ ಬಂಡೆಯಷ್ಟು ದೊಡ್ಡ ಬಿಳಿ ಆಮೆ ಕಾವಲು ಕೂತಿತ್ತು. ಎಷ್ಟು ಬೆರಳು, ಮೂರು ದಿನದಲ್ಲಿ ಹೇಳು ಅಂತು. ಅದು ಭತ್ತದ ಬಯಲು. ಚಿಕ್ಕೀರಿ ಬಾನೀಲಿ ನೀರು ತುಂಬಿ ಬಿಸಿಲಲ್ಲಿಟ್ಲು, ಮೂರು ದಿನಕ್ಕೆ ಒಂದು ಬೆರಳು ಇಳೀತು. ಬಾನೀಲಿ ಸೂರ್ಯ ಎಷ್ಟು ಕುಡಿದ್ನೋ, ಗದ್ದೇಲಿ ಬೆಳೆದ ಭತ್ತದ ಮೂಲಕ ಕುಡಿಯೋದೂ ಅಷ್ಟೇ. ಆದ್ರೆ ಗದ್ದೇಲಿ ನೀರು ನಿಂತಿರ್ಬೇಕಲ್ಲ, ಮಣ್ಣು ಸುಮ್ನಿರುತ್ತಾ? ಗದ್ದೇಲಿ ಉಳಿದಿದ್ದ ಗುಂಡಿ ನೀರಿಗೆ ಕಡ್ಡಿ ನೆಟ್ಟು, ಬಿಸಿಲು ತಾಕದ ಹಾಗೆ ಮಡಕೆ ಬೋರಲು ಹಾಕಿದ್ಲು. ಬಿಸಿಲಿಲ್ದಿದ್ರೂ ಆ ಮೂರು ದಿನಕ್ಕೇ ಅರ್ಧ ಬೆರಳು ಇಳಿದಿತ್ತು.

"ತಿಂಗಳಿಗೆ ಭತ್ತಕ್ಕೆ ಹತ್ತು ಬೆರಳು, ಮಣ್ಣಿಗೆ ಐದು. ಹದಿನೈದು, ಆಮೆ ತಾತ."

ಆಮೆ ತಲೆ ಒಳಗೆ ಎಳ್ಕೊಂಡು ದಾರಿ ಬಿಡ್ತು.

ಕೆಂಪೊಳೆ ಬಯಲಲ್ಲಿ ಕೆಂಪು ಮೊಸಳೆ, ಹಲ್ಲು ಒಂದೊಂದೂ ಕುಡುಗೋಲು. ಅಲ್ಲಿ ರಾಗಿ, ಇನ್ನೂ ಗೇಣುದ್ದದ ಪೈರು. ಬಾನಿ ಇಲ್ಲೂ ಅಷ್ಟೇ ಇಳೀತು, ಮಣ್ಣು ಮಾತ್ರ ನೀರನ್ನ ಬೇರಿನ ಹತ್ರಾನೇ ಇಟ್ಕೊಳ್ತಿತ್ತು. ಹತ್ತು ಅನ್ನೋಕೆ ಬಾಯಿ ತೆಗೆದೋಳು ನಿಂತ್ಲು. ಎಳೇ ಪೈರು ಯಾಕೆ ದೊಡ್ಡೋರಷ್ಟು ಕುಡಿಯುತ್ತೆ? ಬಗ್ಗಿ ನೋಡಿದ್ರೆ ಮಧ್ಯಾಹ್ನದ ನೆರಳು ಅರ್ಧ ನೆಲ ಮಾತ್ರ ಮುಚ್ಚಿತ್ತು. ಹಂಗಾದ್ರೆ ಅರ್ಧ, ಐದು. ಅಷ್ಟರಲ್ಲಿ ಒಂದು ಮೋಡ ಕುರಿಗಳ ಜೊತೆ ಜಗಳ ಆಡ್ಕೊಂಡು ಬಂದು ಒಂದು ಬೆರಳು ಮಳೆ ಸುರಿಸಿ ಹೋಯ್ತು. ಅದನ್ನ ಕಳೆದ್ಲು.

"ನಾಲ್ಕು, ಮೊಸಳೆಯಣ್ಣ. ಹೊಳೆ ಕೊಡ್ಬೇಕಾದ್ದು ನಾಲ್ಕೇ."

ಮೊಸಳೆ ಬಾಯಿ ಮುಚ್ಚಿ ದಾರಿ ಬಿಡ್ತು.

ಕರಿಹೊಳೆ ಬಯಲಲ್ಲಿ ಕಪ್ಪಾನೆ. ಅಲ್ಲಿ ಎರೆಮಣ್ಣು, ಜೋಳ ತೆನೆ ಬಲಿತು ಬಾಗಿ ನಿಂತಿತ್ತು. ಬಾನಿ ಇಳೀತು, ಇಳೀಲಿ ಬಿಡು ಅಂದ್ಲು. ಮೊಣಕೈವರೆಗೂ ನೆಲ ತೋಡಿ ಮಣ್ಣು ಹಿಡಿದು ಹಿಸುಕಿದ್ಲು, ಅದು ಉಂಡೆ ಕಟ್ತು. ಒಳಗಿನ್ನೂ ತಂಪಿದೆ. ತೆನೆ ಉಜ್ಜಿದ್ಲು, ಕಾಳು ಗಟ್ಟಿಯಾಗಿ ಹಲ್ಲಿಗೆ ಕಟಕ್ ಅಂತು. ಇಷ್ಟು ದೂರ ಬಂದು ಇದನ್ನ ಹೇಗೆ ಹೇಳೋದು ಅಂತ ಇನ್ನೊಂದು ತೆನೇನೂ ಉಜ್ಜಿ ನೋಡಿದ್ಲು.

"ಆನೆಯಪ್ಪ, ಈ ಬಯಲಿಗೆ ಈ ತಿಂಗಳು ಒಂದು ಬೆರಳೂ ಬೇಡ. ಹೊಳೆ ಮೀನಿಗೆ ಹರೀಲಿ."

ಆನೆ ಸೊಂಡಿಲೆತ್ತಿ ಅವಳನ್ನ ಹೂವಿನ ಹಾಗೆ ಎತ್ಕೊಂಡು ಬೆಟ್ಟದ ತುದಿಗೆ ಇಳಿಸ್ತು. ಕೊಕ್ಕರೇನೂ ಬಂತು.

ಜಟ್ಟಿಗ ನಗುನಗ್ತಾ ಕೂತಿದ್ದ. ಬಾ ತಾಯಿ, ಮೂರಕ್ಕೆ ಮೂರೂ ಸರಿ ಹೇಳ್ದೆ, ನಿಮ್ಮಪ್ಪನೂ ಸರಿಯಾಗೇ ಹೇಳಿದ್ದ ಅಂದ. ಬುರುಡೆ ಮುಚ್ಚಳ ತೆಗೆದು, ಅವಳ ಬಾನಿ ಇಸ್ಕೊಂಡು, ಬೆಳ್ಳೊಳೆಗೆ ಹದಿನೈದು, ಕೆಂಪೊಳೆಗೆ ನಾಲ್ಕು ಅಂತ ಸೊಪ್ಪಿನಂಗಡಿಯವನ ಹಾಗೆ ರಾಗವಾಗಿ ಅಳೆದ. ಅಳೆದು ಮುಗಿಸಿ, ಬುರುಡೆ ಬಗ್ಗಿಸ್ಕೊಂಡು ಹಂಗೇ ಕಾಯ್ತಾ ನಿಂತ.

ಚಿಕ್ಕೀರಿ ಕೈ ತಾನಾಗೇ ಮುಂದೆ ಹೋಯ್ತು, ನಾಲಿಗೆ ತುದೀಲಿ ಕೊಸರೆಲ್ಲಿ ಅನ್ನೋ ಮಾತು ಬಂದೇಬಿಟ್ಟಿತ್ತು. ಕೊಕ್ಕರೆ ಅವಳ ಕಾಲ್ಬೆರಳು ಕುಟುಕ್ತು ನೋಡಿ, ಚುರುಕ್ ಅಂತ. ಬಾಯಿ ಮುಚ್ಚಿದ್ಲು. ಅಪ್ಪ ತಪ್ಪಿದ್ದು ಎಲ್ಲಿ ಅಂತ ಆಗ ಗೊತ್ತಾಯ್ತು. ಲೆಕ್ಕದಲ್ಲಲ್ಲ, ಲೆಕ್ಕ ಮುಗಿದ ಮೇಲೆ.

"ಸಾಕು," ಅಂದ್ಲು. "ನಿನ್ನ ಹೊಲ ಎಲ್ಲಿ, ಮಾಂತ್ರಿಕಣ್ಣ? ನಿನಗೆಷ್ಟು ಬೆರಳು ಬೇಕು, ಅದನ್ನೂ ಅಳೆದುಬಿಡೋಣ."

ಜಟ್ಟಿಗ ಸುತ್ತ ನೋಡಿದ. ಬೆಟ್ಟದ ಮೇಲೆ ಬರೀ ಬಂಡೆ, ಒಂದು ಗರಿಕೆ ಇಲ್ಲ.

"ಹೊಲ ಇಲ್ಲ. ಇರ್ಲಿ, ಅಷ್ಟೂ ಬಿಟ್ಟುಕೊಡ್ತೀನಿ," ಅಂದ, ಬುರುಡೇನ ಎದೆಗೆ ಅವುಚ್ಕೊಂಡು. "ಇಷ್ಟು ದಿನ ಕಾಯ್ದಿದ್ದಕ್ಕೆ ತಳದಲ್ಲಿ ಒಂದು ಹನಿ ಕೊಸರು ಬಿಡವ್ವ."

ಅವನೂ ಆ ರಾಜ್ಯದವನೇ ಅಲ್ವಾ. ಮಾತು ಬಾಯಿಂದ ಬಿತ್ತು, ಕಟ್ಟಳೆ ಎದ್ದು ನಿಂತ್ಕೊಳ್ತು. ಕತ್ತು ಉದ್ದ ಆಯ್ತು, ಕೈ ರೆಕ್ಕೆ ಆಯ್ತು, ಬುರುಡೆ ಜಾರಿ ಬಂಡೆ ಮೇಲೆ ಬಿದ್ದು ಚೂರಾಯ್ತು. ಮೂರೂ ಹೊಳೆ ಮಡಿಕೆ ಬಿಚ್ಕೊಂಡು ತಮ್ಮ ತಮ್ಮ ಬಯಲಿಗೆ ಓಡಿದ್ವು. ಮಂತ್ರ ಮುರಿದು ಮಾದಣ್ಣ ರುಮಾಲು ಸರಿ ಮಾಡ್ಕೊಂಡು ಎದ್ದ, ಆದ್ರೆ ಇನ್ನೂ ಒಂಟಿ ಕಾಲಲ್ಲೇ. ಇನ್ನೊಂದು ಕಾಲು ಇಳಿಸಪ್ಪ ಅಂತ ಚಿಕ್ಕೀರೀನೇ ಹೇಳ್ಬೇಕಾಯ್ತು.

ಆಮೇಲೆ ಮೂರೂ ಬಯಲು ಹಸಿರಾಯ್ತು, ಕಣಜ ತುಂಬಿತು, ಎಲ್ಲರೂ ಹೊಟ್ಟೆ ತುಂಬ ಉಂಡ್ರು. ಸೊಪ್ಪಿಗೆ, ಹಾಲಿಗೆ ಇವತ್ತಿಗೂ ಅಲ್ಲಿ ಕೊಸರು ಕೇಳ್ತಾರೆ. ತೂಬಿನ ಹತ್ರ ಮಾತ್ರ ಯಾರೂ ಕೇಳಲ್ಲ, ಯಾಕಂದ್ರೆ ಅಲ್ಲೊಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತು, ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಾನೇ ಇದೆ.