ಬಂಪರಿಗೆ ಕೊರೆದ ಎರಡು ತೂತು

ಅಪ್ಪನ ಹಳೇ ಕಾಲದ ಕಾರಿಗೆ ಮುಂದೆ ನಂಬರ್ ಪ್ಲೇಟೇ ಇರಲಿಲ್ಲ. ‘ಅದರ ಮುಖಕ್ಕೆ ತೂತು ಹಾಕಬೇಡ್ರೋ’ ಎನ್ನುತ್ತಿದ್ದರು. ಲಕ್ವ ಹೊಡೆದು ಅವರ ಮಾತು ನಿಂತ ಮೇಲೆ ಅಣ್ಣ ಕಾರು ಮಾರಲು ಹೊರಟ. ಪ್ಲೇಟಿಲ್ಲದೆ ಯಾರೂ ಕೊಳ್ಳಲಿಲ್ಲ, ಡ್ರಿಲ್ ತಂದ. ನಾನು ಪ್ಲೇಟ್ ಹಿಡಿದುಕೊಂಡೆ. ಸುಡುಬಿಸಿಲಿನಲ್ಲೂ ಬಂಪರ್ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು. ಡ್ರಿಲ್ ತಿರುಗಿದ್ದೇ ತಡ, ಮನೆಯೊಳಗೆ ಮಲಗಿದ್ದ ಅಪ್ಪ ಚೀರಿದರು.

‘ನಿಲ್ಸೋ ಅಣ್ಣಾ! ಅಪ್ಪ ಕಿರುಚ್ತಿದಾರೆ.’

‘ಪರವಾಗಿಲ್ಲ ಕಣೋ, ಗಂಟಲು ಸರಿಹೋಯ್ತಲ್ಲ!’ ಅಣ್ಣ ನಕ್ಕ. ‘ಗಟ್ಟಿಯಾಗಿ ಹಿಡ್ಕೋ, ಇನ್ನೊಂದು ತೂತಿದೆ.’

ಎರಡನೆಯದಕ್ಕೆ ಅಪ್ಪ ಸದ್ದು ಮಾಡಲಿಲ್ಲ. ಒಳಗೆ ಹೋಗಿ ನೋಡಿದರೆ ಮೈಮೇಲೆ ಗಾಯವೇನೂ ಇರಲಿಲ್ಲ. ದಿಂಬಿನ ಮೇಲೆ ಕಬ್ಬಿಣದ ಪುಡಿ ಬಿದ್ದಿತ್ತು, ಇನ್ನೂ ಬಿಸಿಯಾಗಿ.

ಕಾರು ಮಾರಿ ವರ್ಷವಾಯಿತು. ಅಪ್ಪ ಬದುಕಿದ್ದಾರೆ. ದಿಂಬಿನ ಮೇಲೆ ದಿನವೂ ಪುಡಿ ಬೀಳುತ್ತದೆ. ಅಣ್ಣ ಅದನ್ನು ಊದಿ, ‘ಕವರ್ ಬದಲಾಯಿಸೋ’ ಎನ್ನುತ್ತಾನೆ.