ಪಾಕ ನೋಡುವವನ ಹೊಸ ಅಂಗೈ

ನೀರಹಾಳೆಯನ್ನು ಅಂಗೈಗೆ ಹೊದಿಸಿದ್ದೇ ತಡ, ಲೋಹಿತ್ ಗೌಡರ ಕೂಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಆ ಕೂಗಿಗೆ ಮಂಡ್ಯದ ಕಾಗೆಗಳೆಲ್ಲ ಎದ್ದು ಮದ್ದೂರಿಗೆ ಹೋಗಿ ಇಳಿದಿದ್ದವು. ಆಲೆಮನೆಯಲ್ಲಿ, ಕುದಿಯುವ ಬೆಲ್ಲದ ಪಾಕದ ಕೊಪ್ಪರಿಗೆಗೆ ಅವರ ಬಲಗೈ ಜಾರಿತ್ತು. ಇಸವಿ ಎರಡು ಸಾವಿರದ ಅರವತ್ತೊಂದು. ಹೊಸ ಹಾಳೆಯ ಪರೀಕ್ಷೆಗೆಂದು ಊರೂರು ಸುತ್ತುತ್ತಿದ್ದ ವಿಜ್ಞಾನಿ ನಫೀಸಾ, ತಣ್ಣೀರು ಸುರಿದು ಅಂಟು ತೊಳೆದು, ಕಬ್ಬಿನ ಗದ್ದೆಯ ಬದುವಿನ ಮೇಲೆಯೇ ಚಿಕಿತ್ಸೆ ಮಾಡಿದ್ದರು.

ಹಾಳೆಯೆಂದರೆ ಬಹುಪಾಲು ನೀರೇ. ನೀರು ಹರಿದುಹೋಗದಂತೆ ಹಿಡಿದಿಡುವ ಜೆಲ್ಲನ್ನು ನಮ್ಮ ಕಾಲದಲ್ಲೂ ಸುಟ್ಟಗಾಯಕ್ಕೆ ಹಾಕುತ್ತಾರೆ. ನಫೀಸಾ ಅದರೊಳಗೆ ಜೀವಕೋಶಗಳನ್ನು ಕೂರಿಸಿದ್ದರು. ಉರಿ ತಣಿದ ಮೇಲೆ ಅವು ಚರ್ಮ ನೇಯುತ್ತಿದ್ದವು. ಗಾಜಿನಂಥ ಹಾಳೆಯಡಿ ತೊಗಲು ಹಬ್ಬುವುದನ್ನು ನೋಡಲು ಮೂರು ತಾಲ್ಲೂಕು ನೆರೆಯಿತು. ಕಬ್ಬೂ ಬಗ್ಗಿ ನೋಡಿತು.

ವಾರ ಕಳೆದು ಹಾಳೆ ಕಳಚಿದರು. ಐವತ್ತು ದಾಟಿದ ಗೌಡರ ತೋಳಿನ ತುದಿಯಲ್ಲಿ ಹಸುಗೂಸಿನ ಅಂಗೈ! ಕೈ ನೋಡಿ ಭವಿಷ್ಯ ಹೇಳುವವನು ಅಲ್ಲಿದ್ದಿದ್ದರೆ, ಈ ಮನುಷ್ಯ ಇನ್ನೂ ಹುಟ್ಟೇ ಇಲ್ಲ ಎಂದುಬಿಡುತ್ತಿದ್ದ.

ಗೌಡರು ನೇರ ಕೊಪ್ಪರಿಗೆಗೆ ನಡೆದರು. ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಹದ ಹೇಳುವುದರಲ್ಲಿ ಆ ಸೀಮೆಗೇ ಅವರೊಬ್ಬರು. ಯಂತ್ರಗಳು ಅವರನ್ನು ಕೇಳಿ ಮುಳ್ಳು ಸರಿಮಾಡಿಕೊಳ್ಳುತ್ತಿದ್ದವು. ಇವತ್ತು ಉಂಡೆ ಸೋಕಿದ್ದೇ ಕೈ ಸೆಳೆದುಕೊಂಡರು.

“ಹದವೇ ಗೊತ್ತಾಯ್ತಿಲ್ಲ ಮೇಡಂ. ಬರೀ ಬಿಸಿ.”

“ಹಳೇ ಕೈ ಜಡ್ಡುಗಟ್ಟಿತ್ತು ಗೌಡ್ರೆ. ಅದೇ ಹದ ಹೇಳ್ತಿದ್ದಿದ್ದು,” ಎಂದರು ನಫೀಸಾ ಮೆಲ್ಲಗೆ. “ಇನ್ನೊಂದು ಹಾಳೆ ಹಾಕಿದ್ರೆ ಜಡ್ಡೂ ಬೆಳೆಯುತ್ತೆ. ಹಾಕ್ಲಾ?”

“ಹಾಕಿ ಮತ್ತೆ. ಪಾಕ ಬುಟ್ರೆ ನಂಗೇನೈತೆ?”

ಹೆಂಡತಿ ಸಿಂಚನಾ ಸಮಾಧಾನ ಹೇಳಲು ಹತ್ತಿರ ಬಂದರು. ಅವರ ಕೆನ್ನೆಯ ಮಸಿ ಒರೆಸಲು ಹೋದ ಗೌಡರ ಕೈ ಅಲ್ಲೇ ನಿಂತಿತು.

“ಇಲ್ಲೊಂದು ಗುಳಿ ಐತಲ್ಲೇ.”

“ಮದ್ವೆ ದಿನದಿಂದ್ಲೂ ಐತೆ. ನಿಮ್ ಉಪ್ಪುಕಾಗದದ ಕೈಗೆ ಎಲ್ಲಿ ತಿಳೀಬೇಕು?”

ಕೆನ್ನೆಯಿಂದ ಕಿವಿಗೆ, ಕಿವಿಯಿಂದ ನರೆತ ಕೂದಲಿಗೆ ಗೌಡರ ಬೆರಳು ಹೋಯಿತು. ಕೊಪ್ಪರಿಗೆಯ ಪಾಕ ಕುದಿಯುವುದನ್ನೇ ಮರೆತು ನಿಂತಿತ್ತು.

“ಮೇಡಂ, ಆ ಹಾಳೆ ಒಳಗಿಡಿ,” ಎಂದರು ಕೊನೆಗೆ. “ಪಾಕದ ಹದ ಎಡಗೈಗೆ ಕಲಿಸ್ತೀನಿ. ಎಷ್ಟು ವರ್ಷ ಆದ್ರೂ ಆಗ್ಲಿ.”

“ಜನ ನೋಡ್ತಾವ್ರೆ, ಕೈ ತೆಗೀರಿ,” ಎಂದ ಸಿಂಚನಾ, ತಾವು ಮಾತ್ರ ಕದಲಲಿಲ್ಲ.

ಆ ಹಾಳೆ ಬರಲು ಇನ್ನೂ ಹಲವು ದಶಕ ಕಾಯಬೇಕು. ಅಲ್ಲಿಯವರೆಗೆ, ಇಷ್ಟುಹೊತ್ತೂ ಈ ಪುಟವನ್ನು ಹಿಡಿದಿದ್ದ ನಿಮ್ಮ ಬೆರಳಿಗೆ ಕಾಗದ ಒರಟೋ ನುಣುಪೋ ತಿಳಿದಿದೆಯೇ, ಹೇಳಿ ನೋಡೋಣ.